ಕಡಲ ಬದಿಯ ಕೂಡುಮನೆಗೆ ಮೊದಲು ಗಾಳಿ ಬೇಕು

ಈದ್‌ಗೆ ಅಣ್ಣತಮ್ಮಂದಿರ ಕುಟುಂಬಗಳು ಕೂಡಿದಾಗ ಒಂದು ಮಾತು ಬರುವುದುಂಟು: ಎಲ್ಲರೂ ಹಣ ಹಾಕಿ ಭಟ್ಕಳ, ಹೊನ್ನಾವರ ಅಥವಾ ಕುಮಟಾ ಕಡೆ ಒಂದು ಮನೆ ಕಟ್ಟಿಸೋಣ, ರಜೆಯಲ್ಲಿ ಮಕ್ಕಳನ್ನು ಕರೆದೊಯ್ಯೋಣ. ಆಸೆ ಒಳ್ಳೆಯದೇ. ಹಾವೇರಿಯಿಂದ ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದರೆ ಕುಮಟಾ. ಆದರೆ ನಮ್ಮೂರಿನ ಮನೆಯ ನಕ್ಷೆಯನ್ನೇ ಘಟ್ಟದ ಕೆಳಗೆ ಒಯ್ದರೆ ಅದರ ಬೆನ್ನಿಗೆ ಕೆಮ್ಮು, ದಮ್ಮು ಕೂಡ ಬರುತ್ತವೆ.

ರಾಣೇಬೆನ್ನೂರು, ಬ್ಯಾಡಗಿಯ ಬಯಲಿನಲ್ಲಿ ವರ್ಷದ ಮಳೆ ಸುಮಾರು 700 ಮಿ.ಮೀ. ಕರಾವಳಿಯಲ್ಲಿ ಅದು 3,000 ಮಿ.ಮೀ.ಗೂ ಹೆಚ್ಚು. ನಮ್ಮಲ್ಲಿ ಹಗಲು ಬಿಸಿ, ರಾತ್ರಿ ತಂಪು. ಹಾಗಾಗಿ ದಪ್ಪ ಗೋಡೆ, ಸಣ್ಣ ಕಿಟಕಿ ನಮಗೆ ಒಗ್ಗುತ್ತವೆ. ಕಡಲ ಬದಿಯಲ್ಲಿ ಹಗಲು-ರಾತ್ರಿಯ ಉಷ್ಣತೆಗೆ ಅಷ್ಟು ಅಂತರವಿಲ್ಲ. ಮಳೆಗಾಲದಲ್ಲಿ ತೇವಾಂಶ ಶೇ. 85 ದಾಟುವುದು ಸಾಮಾನ್ಯ. ಅಲ್ಲಿ ಬೆವರು ಆರಬೇಕಾದರೆ ಗಾಳಿ ಆಡಬೇಕು.

ತೇವ ಏನು ಮಾಡುತ್ತದೆಂದು ಬ್ಯಾಡಗಿಯವರಿಗೆ ಹೇಳಬೇಕಾಗಿಲ್ಲ. ಸರಿಯಾಗಿ ಒಣಗದ ಮೆಣಸಿನಕಾಯಿ ಚೀಲದಲ್ಲೇ ಬೂಷ್ಟು ಹಿಡಿಯುತ್ತದೆ. ಬೀಗ ಹಾಕಿದ ಮನೆಯ ಗಾದಿ, ದಿಂಬು, ಪರದೆ, ಜಾನಮಾಝ್‌ಗಳ ಗತಿಯೂ ಅದೇ. ಒದ್ದೆಯಾದ ವಸ್ತು ಒಂದೆರಡು ದಿನದಲ್ಲಿ ಒಣಗದಿದ್ದರೆ ಬೂಷ್ಟು ಬೆಳೆಯತೊಡಗುತ್ತದೆ. ಒದ್ದೆ ಮನೆಗಳಲ್ಲಿ ಉಬ್ಬಸ ಮತ್ತು ಉಸಿರಾಟದ ತೊಂದರೆ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಇದರ ಪೆಟ್ಟು ಮೊದಲು ಬೀಳುವುದು ಮಕ್ಕಳಿಗೆ ಮತ್ತು ದಮ್ಮು ಇರುವ ಹಿರಿಯರಿಗೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಎಸಿಗೆ ಇಡುವ ಹಣವನ್ನು ಮೊದಲು ಮಾಡಿಗೆ ಮತ್ತು ಕಿಟಕಿಗೆ ಹಾಕಿ. ಹಗಲು ಗಾಳಿ ಕಡಲಿನಿಂದ ಬರುತ್ತದೆ, ರಾತ್ರಿ ನೆಲದಿಂದ ಕಡಲಿಗೆ ಹೋಗುತ್ತದೆ. ಹಾಗಾಗಿ ಪೂರ್ವ-ಪಶ್ಚಿಮ ಎರಡೂ ಕಡೆ ಎದುರುಬದುರು ಕಿಟಕಿಗಳಿರಲಿ. ಮಳೆ ರಾಚುವ ಪಶ್ಚಿಮ, ನೈಋತ್ಯಕ್ಕೆ ಅಗಲವಾದ ಜಗಲಿ ಬೇಕು. ನೀರು ನಿಲ್ಲುವ ಸಪಾಟು ತಾರಸಿಗಿಂತ ಇಳಿಜಾರು ಹೆಂಚಿನ ಮಾಡು ಮೇಲು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಕಿಟಕಿಯ ಸರಳು, ಬಿಜಾಗರಿಯಲ್ಲಿ ಉಳಿತಾಯ ಬೇಡ. ಕರಾವಳಿಯ ಹಳೆಯ ಮನೆಗಳ ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಉದ್ದ ಜಗಲಿ ನೋಡಿ ಬಂದ ಮೇಲೆ ಇಂಜಿನಿಯರ್ ಹತ್ತಿರ ಹೋಗಿ.

ಇಲ್ಲಿ ನಮ್ಮ ಮನೆಗಳದ್ದೇ ಒಂದು ಪ್ರಶ್ನೆಯಿದೆ. ನಾಲ್ಕು ಕುಟುಂಬ ಕೂಡುವ ಕಡೆ ಹೆಣ್ಣುಮಕ್ಕಳಿಗೆ ಪರದೆ ಬೇಕು. ಅದಕ್ಕಾಗಿ ಕಿಟಕಿ ಮುಚ್ಚಿ ದಪ್ಪ ಬಟ್ಟೆ ಇಳಿಬಿಟ್ಟರೆ ದಿನದ ಹೆಚ್ಚು ಹೊತ್ತು ಒಳಗೇ ಇರುವ ಅವರೇ ಒದ್ದೆ ಗಾಳಿ ಉಸಿರಾಡಬೇಕಾಗುತ್ತದೆ. ಮರೆಯೂ ಗಾಳಿಯೂ ಒಟ್ಟಿಗೆ ಸಿಗುವ ದಾರಿಗಳಿವೆ: ಕಣ್ಣಿನ ಮಟ್ಟದವರೆಗೆ ಜಾಲಿ ಇಟ್ಟಿಗೆ, ಅದರ ಮೇಲೆ ತೆರೆದ ಗವಾಕ್ಷಿ, ಹೆಂಗಸರ ಭಾಗಕ್ಕೆ ಒಳಗಿನ ಅಂಗಳ. ಎಲ್ಲದಕ್ಕೂ ಸೊಳ್ಳೆಜಾಲರಿ ಇರಲಿ. ವುಝೂ ಜಾಗ, ಬಚ್ಚಲು ಮನೆಯ ನಡುವೆ ಬೇಡ. ಬಿಸಿಲು ಬೀಳುವ ಅಂಚಿನಲ್ಲಿದ್ದರೆ ನೆಲ ಬೇಗ ಒಣಗುತ್ತದೆ.

ಇನ್ನೊಂದು ಮಾತು, ನಕ್ಷೆಯಷ್ಟೇ ಮುಖ್ಯವಾದದ್ದು. ಇಂಥ ಮನೆ ವರ್ಷದಲ್ಲಿ ಹತ್ತು ತಿಂಗಳು ಮುಚ್ಚಿರುತ್ತದೆ. ನಾಲ್ವರ ಮನೆ ಎಂದರೆ ಯಾರೂ ನೋಡದ ಮನೆ ಆಗಿಬಿಡುವ ಅಪಾಯವೂ ಇದೆ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಡೆಂಗಿಗೆ ಅಷ್ಟೇ ದಾರಿ. ಆದ್ದರಿಂದ ಅಡಿಪಾಯಕ್ಕೆ ಮೊದಲೇ ಕೂತು ಬರೆದಿಡಿ: ವಾರಕ್ಕೊಮ್ಮೆ ಬಾಗಿಲು-ಕಿಟಕಿ ತೆರೆದು ಗುಡಿಸಲು ಪಕ್ಕದ ಮನೆಯವರಿಗೆ ಸಂಬಳ, ಅದಕ್ಕೆ ಪ್ರತಿ ಕುಟುಂಬದ ತಿಂಗಳ ಪಾಲು, ಹೊರಡುವವರು ಟ್ಯಾಂಕ್ ಬರಿದು ಮಾಡಿ ಮುಚ್ಚಳ ಬಿಗಿದು ಹೋಗಬೇಕೆಂಬ ನಿಯಮ. ಗಾದಿಗಳನ್ನು ಗೋಡೆಗೆ ತಾಗಿಸದೆ ಎತ್ತರದಲ್ಲಿಡಿ. ಹೊದಿಕೆ, ಜಾನಮಾಝ್ ಅವರವರೇ ತರಲಿ.

ಈ ಬರಹಕ್ಕೆ ನಾಲ್ಕೂ ಮನೆಯವರು ಒಪ್ಪದಿದ್ದರೆ ಮನೆ ಕಟ್ಟುವುದೇ ಬೇಡ. ರಜೆಗೆ ನಾಲ್ಕು ದಿನ ಬಾಡಿಗೆಯ ಕೋಣೆ ಸಾಕು. ಅದು ಅಗ್ಗ, ಮಕ್ಕಳ ಎದೆಗೂ ಹಗುರ.