ನೀರಿನ ಲೆಕ್ಕವು ಯಾರ ಸೊತ್ತು?

ನಮ್ಮ ಸಂಘದ ಕಳೆದ ಮಾಸಿಕ ಕೂಟದಲ್ಲಿ ಉಪನ್ಯಾಸವು ಮುಗಿದ ತರುವಾಯ ನಡೆದ ಚರ್ಚೆಯಲ್ಲಿ ಮಿತ್ರರೊಬ್ಬರು ಹೀಗೆಂದರು: "ಅಂತರ್ಜಲದ ಮಟ್ಟವನ್ನು ಅಳೆಯುವುದಕ್ಕೂ, ಆ ಲೆಕ್ಕವನ್ನು ಹಳ್ಳಿಹಳ್ಳಿಗೆ ತಿಳಿಸುವುದಕ್ಕೂ ಸರ್ಕಾರವು ಕೋಟಿಗಟ್ಟಲೆ ವ್ಯಯಮಾಡುತ್ತಿರುವುದು ಶುದ್ಧ ದುಂದು. ಅಂಕಿಗಳನ್ನು ಕೊಡದಲ್ಲಿ ತುಂಬಿ ಕುಡಿಯಲಾದೀತೆ? ಆ ಹಣದಿಂದ ಇನ್ನಷ್ಟು ಬಾವಿಗಳನ್ನು ಕೊರೆಯಿಸಲಿ." ಸಭೆಯು ಕರತಾಡನ ಮಾಡಿತು. ಆಗ ಎದ್ದು ಉತ್ತರ ಹೇಳುವ ಧೈರ್ಯವು ನನಗುಂಟಾಗಲಿಲ್ಲ. ಆ ಲೋಪವನ್ನು ಈ ಲೇಖನದಿಂದ ತಿದ್ದಿಕೊಳ್ಳಬಯಸುತ್ತೇನೆ. ಮಿತ್ರರಲ್ಲಿ ನನಗೆ ಗೌರವವುಂಟು. ಅವರ ಮಾತಿನಲ್ಲಿ ಮಾತ್ರ ಇಲ್ಲ.

ಮೊದಲು ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ನಿವೇದಿಸುತ್ತೇನೆ. ನನ್ನಲ್ಲಿ ಓದಿದ ರೈತನೊಬ್ಬನು ನಮ್ಮ ಕೋಲಾರ ಸೀಮೆಯವನೇ. ಟೊಮೆಟೊ ಬೆಳೆದು ಜೀವಿಸುವವನು. ಅಂಗೈಯಲ್ಲಿ ತೆಂಗಿನಕಾಯಿಯನ್ನಿಟ್ಟುಕೊಂಡು ಜಲವಿರುವ ಸ್ಥಳವನ್ನು ತೋರಿಸುವವರ ಮಾತನ್ನು ನಂಬಿ, ಎರಡು ವರ್ಷಗಳಲ್ಲಿ ಒಂದೇ ಹೊಲದಲ್ಲಿ ಮೂರು ಕೊಳವೆಬಾವಿಗಳನ್ನು ಕೊರೆಯಿಸಿದನು. ಮೊದಲನೆಯದು 900 ಅಡಿ, ಎರಡನೆಯದು 1,200, ಮೂರನೆಯದು 1,400. ಮೂರರಿಂದಲೂ ಎದ್ದದ್ದು ಕಲ್ಲಿನ ಧೂಳು. ಹೆಂಡತಿಯ ಒಡವೆಯು ಹೋಯಿತು, ಸಾಲವು ಉಳಿಯಿತು. ಕೆಲವು ತಿಂಗಳ ಮೇಲೆ ಬೇರೊಂದು ಕೆಲಸಕ್ಕಾಗಿ ನಾವಿಬ್ಬರೂ ಒಂದು ಕಚೇರಿಗೆ ಹೋಗಿದ್ದಾಗ, ಅವನ ಹೊಲಕ್ಕೆ ಎರಡು ಫರ್ಲಾಂಗಿನೊಳಗೇ ಸರ್ಕಾರದ ವೀಕ್ಷಣಾ ಬಾವಿಯೊಂದು ಇದೆಯೆಂದೂ, ಅದರ ನೀರು ವರ್ಷವರ್ಷಕ್ಕೆ ಇಳಿಯುತ್ತ ಬಂದು ಕಡೆಗೆ ಬತ್ತಿದ್ದು ದಫ್ತರದಲ್ಲಿ ಬರೆದಿಟ್ಟಿದೆಯೆಂದೂ ತಿಳಿಯಿತು. "ಸ್ವಾಮಿ, ಇದನ್ನು ನಮಗೇಕೆ ಹೇಳಲಿಲ್ಲ?" ಎಂದು ಅವನು ಕೇಳಿದನು. "ನೀವು ಕೇಳಲಿಲ್ಲವಲ್ಲ" ಎಂದು ಗುಮಾಸ್ತರು ಉತ್ತರವಿತ್ತರು. ಅವರು ಕೆಟ್ಟವರಲ್ಲ. ಅಳೆಯುವುದು ಅವರ ಕರ್ತವ್ಯವಾಗಿತ್ತು. ತಿಳಿಸುವುದು ಯಾರ ಕರ್ತವ್ಯವೂ ಆಗಿರಲಿಲ್ಲ.

ಮಿತ್ರರೇ, ಅಂಕಿಗಳನ್ನು ಕುಡಿಯಲಾಗದು, ನಿಜ. ಆದರೆ ಅಂಕಿಗಳನ್ನರಿಯದೆ ಒಂದು ಸಂಸಾರವು ಮುಳುಗಿದ್ದನ್ನು ನಾನು ಕಂಡಿದ್ದೇನೆ.

ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಹಿರಿಯರು ಕೆರೆಗಳನ್ನು ಕಟ್ಟಿ ಬಾಳಿದರು. ಕೆರೆಯ ನೀರು ಊರಿನ ಕಣ್ಣೆದುರಿಗೇ ಇರುತ್ತಿತ್ತು. ತೂಬಿನ ಕಲ್ಲು ಎಷ್ಟು ಮುಳುಗಿದೆಯೆಂಬುದು ದನಕಾಯುವ ಹುಡುಗನಿಗೂ ಗೊತ್ತು. ಅದನ್ನು ನೋಡಿಯೇ ನೀರುಗಂಟಿಯು ಗದ್ದೆಗಳಿಗೆ ನೀರು ಬಿಡುತ್ತಿದ್ದನು. ಕೊಳವೆಬಾವಿಯು ಬಂದ ಮೇಲೆ ನೀರು ಕಣ್ಣಿಗೆ ಮರೆಯಾಯಿತು. ನೆರೆಯವನು ಎಷ್ಟು ಎಳೆದನೋ ನನಗೆ ತಿಳಿಯದು. ನಾನು ಎಷ್ಟು ಎಳೆದೆನೋ ನನಗೇ ತಿಳಿಯದು. ಒಂದೇ ಗಡಿಗೆಗೆ ನೂರು ಜನರು ಕತ್ತಲಲ್ಲಿ ಕೈಹಾಕಿದಂತಾಯಿತು. ಈ ಕತ್ತಲೆಗೆ ದೀಪವೆಂದರೆ ಲೆಕ್ಕವೊಂದೇ.

ಒಂದು ವರ್ಷದಲ್ಲಿ ಭೂಮಿಯಿಂದ ತೆಗೆಯಬಹುದಾದ ನೀರನ್ನು 100 ಪಾಲು ಮಾಡಿದರೆ, 70 ಪಾಲಿನವರೆಗೆ ತೆಗೆಯುವುದು ಸುರಕ್ಷಿತವೆಂದೂ 100 ಮೀರಿದರೆ ಅತಿಬಳಕೆಯೆಂದೂ ಕೇಂದ್ರ ಅಂತರ್ಜಲ ಮಂಡಳಿಯ ನಿರ್ಣಯ. 2024ರ ಗಣನೆಯಂತೆ ದೇಶದ ಸರಾಸರಿಯು ಸುಮಾರು 60. ಎಷ್ಟು ಸಮಾಧಾನದ ಸಂಖ್ಯೆ! ನಮ್ಮ ಜಿಲ್ಲೆಯಾದರೋ ಬಹು ವರ್ಷಗಳಿಂದ 100ನ್ನು ದಾಟಿ ಕುಳಿತಿದೆ. ಮಗನು ತಿನ್ನಬೇಕಾದುದನ್ನು ತಂದೆಯು ಉಂಡು ಮುಗಿಸುತ್ತಿದ್ದಾನೆ. ಸರಾಸರಿಯು ದೆಹಲಿಗೆ ಸಾಕು. ಹಳ್ಳಿಗೆ ತನ್ನ ಬಾವಿಯ ಲೆಕ್ಕವೇ ಬೇಕು.

ಅಳೆಯುವುದು ಪರದೇಶದಿಂದ ಬಂದ ಹೊಸ ಚಾಳಿಯೆಂದು ಭಾವಿಸುವವರೂ ಉಂಟು. ಮಳೆಯನ್ನು ಅಳೆಯಲು ಒಂದು ಅರತ್ನಿ ಬಾಯಿಯುಳ್ಳ ಕುಂಡವನ್ನು ಕೋಷ್ಠಾಗಾರದಲ್ಲಿ ಇಡಬೇಕೆಂದು ಕೌಟಿಲ್ಯನು ವಿಧಿಸಿದ್ದಾನೆ. ಯಾವ ದೇಶದಲ್ಲಿ ಎಷ್ಟು ದ್ರೋಣ ಮಳೆಯೆಂಬುದನ್ನೂ ಹೇಳಿದ್ದಾನೆ. ಹಿಂದಿನವರು ಎಲ್ಲವನ್ನೂ ಬಲ್ಲವರಾಗಿದ್ದರೆಂದು ಹೆಮ್ಮೆಪಡುವುದು ನನ್ನ ಉದ್ದೇಶವಲ್ಲ. ಆ ದ್ರೋಣಗಳ ಮಾತು ಯಾವ ಪ್ರಕರಣದಲ್ಲಿ ಬರುತ್ತದೆಂಬುದನ್ನು ಗಮನಿಸಿರಿ: ಬೇಸಾಯದ ಅಧ್ಯಕ್ಷನ ಪ್ರಕರಣದಲ್ಲಿ. ಮಳೆಯ ಪ್ರಮಾಣವನ್ನು ತಿಳಿದು ಅದಕ್ಕೆ ತಕ್ಕ ಬೀಜವನ್ನು ಬಿತ್ತಬೇಕೆಂಬುದೇ ಅಳತೆಯ ಪ್ರಯೋಜನವಾಗಿತ್ತು. ಬಿತ್ತುವವನಿಗೆ ಮುಟ್ಟದ ಅಳತೆಯು ಹೂತಿಟ್ಟ ಹೊನ್ನು.

ಈ ಪ್ರಯೋಜನವನ್ನು ಸಾಧಿಸಲೆಂದೇ ಕೇಂದ್ರ ಸರ್ಕಾರವು 2019ರ ಡಿಸೆಂಬರ್ 25ರಂದು ಅಟಲ್ ಭೂಜಲ ಯೋಜನೆಯನ್ನು ಆರಂಭಿಸಿತು. ಮೊತ್ತವು 6,000 ಕೋಟಿ ರೂಪಾಯಿ. ಅರ್ಧವು ವಿಶ್ವಬ್ಯಾಂಕಿನ ಸಾಲ. ಏಳು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತು. ಗ್ರಾಮ ಪಂಚಾಯತಿಯು ಬಾವಿಯ ಮಟ್ಟವನ್ನೂ ಮಳೆಯನ್ನೂ ಅಳೆದು, ಊರಿನ ನೀರಿನ ಆಯವ್ಯಯವನ್ನು ತಾನೇ ಬರೆದು, ಜಲಭದ್ರತೆಯ ಯೋಜನೆಯನ್ನು ರಚಿಸಬೇಕೆಂಬುದು ಇದರ ಸಾರ. ಅಂತರ್ಜಲದ ಲೆಕ್ಕವನ್ನು ಬಹಿರಂಗಪಡಿಸುವುದು ಪ್ರೋತ್ಸಾಹಧನವು ದೊರೆಯುವುದಕ್ಕೆ ಒಂದು ಷರತ್ತು. ಇದನ್ನೇ ನಮ್ಮ ಮಿತ್ರರು ದುಂದೆಂದದ್ದು!

ಇದರಿಂದ ಫಲವುಂಟೆ ಎಂದು ಕೇಳಬಹುದು. ನಮ್ಮ ನೆರೆಯ ಚಿತ್ತೂರು, ಅನಂತಪುರ ಸೇರಿದಂತೆ ಅಂದಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ 2003ರ ಬಳಿಕ ಕೆಲವು ವರ್ಷ ರೈತರೇ ಬಾವಿಗಳನ್ನು ಅಳೆದರು; ಹಿಂಗಾರಿಗೆ ಮೊದಲು ಸಭೆ ಸೇರಿ, ಉಳಿದಿರುವ ನೀರೆಷ್ಟು, ಬೇಕಾದುದೆಷ್ಟು ಎಂಬುದನ್ನು ಲೆಕ್ಕಹಾಕಿದರು. ಇಂಥದನ್ನು ಬೆಳೆಯಬಾರದೆಂದು ಯಾರೂ ಆಜ್ಞೆ ಮಾಡಲಿಲ್ಲ. ಆದರೂ ಅನೇಕರು ಭತ್ತವನ್ನು ಕಡಿಮೆಮಾಡಿ ಸ್ವಲ್ಪ ನೀರಿನ ಬೆಳೆಗಳಿಗೆ ತಿರುಗಿದರು. ನೆರವು ನಿಂತ ಬಳಿಕ ಆ ಅಭ್ಯಾಸವು ಹಲವೆಡೆ ಸೊರಗಿತೆಂಬುದನ್ನೂ ಮರೆಮಾಚಲಾರೆ. ಅದರಿಂದ ಸಿದ್ಧವಾಗುವುದು ಲೆಕ್ಕದ ವ್ಯರ್ಥತೆಯಲ್ಲ, ನೆರವಿನ ಅವಶ್ಯಕತೆ.

ಇನ್ನು ಎರಡನೆಯ ಪೂರ್ವಪಕ್ಷ: "ಅಂಕಿಗಳೆಲ್ಲವೂ ಅಂತರ್ಜಾಲದಲ್ಲಿ ಪ್ರಕಟವಾಗಿವೆಯಲ್ಲ, ಬೇಕಾದವರು ನೋಡಿಕೊಳ್ಳಲಿ." ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಶಾಸ್ತ್ರಜ್ಞರ ಪರಿಭಾಷೆಯಲ್ಲಿ ಇರುವ ಕೋಷ್ಟಕಗಳನ್ನು ಟೊಮೆಟೊ ಬೆಳೆಯುವವನು ಹುಡುಕಿ ಓದಬೇಕೆ? ಪಾಠವನ್ನು ಗೋಡೆಗೆ ಹೇಳಿ, ಮಕ್ಕಳು ಕಲಿಯಲಿಲ್ಲವೆಂದು ದೂರುವ ಉಪಾಧ್ಯಾಯನನ್ನು ಯಾರು ಮೆಚ್ಚುತ್ತಾರೆ?

ಮೂರನೆಯದು: "ಲೆಕ್ಕವು ಬಯಲಾದರೆ ಜಗಳವು ಹೆಚ್ಚುತ್ತದೆ." ಅನುಭವವು ಇದಕ್ಕೆ ವಿರುದ್ಧವಾಗಿದೆ. ಕಾವೇರಿಯ ವ್ಯಾಜ್ಯವನ್ನೇ ನೋಡಿರಿ. ತಮಿಳುನಾಡಿನ ಮುಖಜ ಪ್ರದೇಶದ ಅಂತರ್ಜಲವನ್ನು ನ್ಯಾಯಾಧಿಕರಣವು 2007ರ ತೀರ್ಪಿನಲ್ಲಿ ಗಣನೆಗೆ ತಂದಿರಲಿಲ್ಲ. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ 10 ಟಿ.ಎಂ.ಸಿ.ಯನ್ನು ಲೆಕ್ಕಕ್ಕೆ ಹಿಡಿಯಿತು. ಬೆಂಗಳೂರಿನ ಅಗತ್ಯಕ್ಕಾಗಿ 4.75ನ್ನು ಕೂಡಿಸಿತು, ಕರ್ನಾಟಕದ ಪಾಲು 270ರಿಂದ 284.75ಕ್ಕೆ ಏರಿತು. ಬೀದಿಯ ಕೂಗು ಕೊಡಿಸಲಾರದ ನೀರನ್ನು ಲೆಕ್ಕದ ಒಂದು ಸಾಲು ಕೊಡಿಸಿತು. ನಮ್ಮ ಜಿಲ್ಲೆಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು 2018ರಲ್ಲಿ ತಂದಾಗ ನೊರೆಯು ಕಾಣಿಸಿಕೊಂಡು, ಊರೂರಿನಲ್ಲಿ ವದಂತಿ ಹಬ್ಬಿ, ವಿಷಯವು ನ್ಯಾಯಾಲಯದವರೆಗೆ ಹೋಯಿತು. ಪ್ರತಿ ಕೆರೆಯ ನೀರಿನ ಪರೀಕ್ಷಾಫಲವನ್ನು ಏರಿಯ ಮೇಲೆಯೇ ಕನ್ನಡದಲ್ಲಿ ಬರೆದು ನಿಲ್ಲಿಸಿದರೆ, ದೋಷವಿದ್ದಲ್ಲಿ ಅದು ಬೇಗನೆ ತಿಳಿಯುತ್ತದೆ; ಇಲ್ಲದಿದ್ದಲ್ಲಿ ವದಂತಿಯು ತಾನಾಗಿ ಸಾಯುತ್ತದೆ.

ಹಾಗೆಂದು ಸರ್ಕಾರವನ್ನು ಹೊಗಳಲು ನಾನು ಲೇಖನಿಯನ್ನು ಹಿಡಿದಿಲ್ಲ. ಅಟಲ್ ಯೋಜನೆಯನ್ನು ಐದು ವರ್ಷಗಳ ಅವಧಿಗೆಂದು ರಚಿಸಲಾಯಿತು. ನೀರಿನ ಆಯವ್ಯಯಕ್ಕೆ ಅವಧಿಯುಂಟೆ? ಐದನೆಯ ತರಗತಿಯವರೆಗೆ ಲೆಕ್ಕವನ್ನು ಕಲಿಸಿ ಆಮೇಲೆ ಹಲಗೆಯನ್ನು ಕಸಿದುಕೊಂಡಂತೆ! ಮತ್ತೊಂದು: 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತ. ಆದರೆ ಅವುಗಳಲ್ಲಿ ಬಹುಪಾಲಿಗೆ ಮೀಟರಿಲ್ಲ. ರೈತನಿಗೆ ನೆರವಾಗುವುದು ಯುಕ್ತ. ಅಳೆಯದೆ ಇರುವುದು ಅಯುಕ್ತ. ಬಿಲ್ಲಿಲ್ಲದ ಮೀಟರನ್ನು ಹಾಕಲಿ; ಅಳತೆಯಿಂದ ದಂಡವಿಲ್ಲವೆಂದು ಕಾನೂನಿನಲ್ಲಿಯೇ ಬರೆಯಲಿ. ಆಗ ರೈತನ ಸಂದೇಹವು ನೀಗುತ್ತದೆ.

ಆದಕಾರಣ ನಮ್ಮ ಸಂಘವು ಸರ್ಕಾರಕ್ಕೆ ಮೂರು ವಿಷಯಗಳನ್ನು ಬಿನ್ನವಿಸಬೇಕೆಂದು ನನ್ನ ಸೂಚನೆ. ಪ್ರತಿ ಪಂಚಾಯತಿಯ ಗೋಡೆಯ ಮೇಲೆ ಆ ಊರಿನ ಮಳೆಯನ್ನೂ, ಮುಂಗಾರಿನ ಹಿಂದುಮುಂದಿನ ಬಾವಿಯ ಮಟ್ಟವನ್ನೂ ಕನ್ನಡದಲ್ಲಿ ಬರೆಯಿಸಿ ಗ್ರಾಮಸಭೆಯಲ್ಲಿ ಓದಿಸಬೇಕು. ಅಳೆಯುವ ಗ್ರಾಮಸ್ಥನಿಗೆ ಯೋಜನೆಗಳು ಬರಲಿ ಹೋಗಲಿ, ನಿಂತುಹೋಗದ ಗೌರವಧನವಿರಬೇಕು. ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಯಲು 2011ರ ಅಂತರ್ಜಲ ಕಾಯಿದೆಯಂತೆ ಅನುಮತಿಯು ಬೇಕಷ್ಟೆ. ಅದನ್ನು ಕೊಡುವ ಮೊದಲು ಸಮೀಪದ ವೀಕ್ಷಣಾ ಬಾವಿಯ ಚರಿತ್ರೆಯನ್ನು ಅರ್ಜಿದಾರನಿಗೆ ಓದಿ ಹೇಳಬೇಕು. ಈ ಕೊನೆಯದೊಂದಿದ್ದಿದ್ದರೆ ನನ್ನ ಶಿಷ್ಯನ ಮನೆಯ ಒಡವೆಯು ಉಳಿಯುತ್ತಿತ್ತು.

ಕಡೆಯದಾಗಿ, ವಾಚಕರೇ, ನಮ್ಮ ವಿಷಯ. ಸರ್ಕಾರವು ಮುಚ್ಚಿಡುತ್ತದೆಂದು ದೂರುವ ನಾವು ನಮ್ಮ ಹಿತ್ತಲಿನ ಬಾವಿಯ ಆಳವನ್ನು ನೆರೆಯವರಿಗೆ ಹೇಳುತ್ತೇವೆಯೆ? ನಾನೂ ಬಹುಕಾಲ ಹೇಳಿರಲಿಲ್ಲ. ಈಗ ಹೇಳುತ್ತೇನೆ: ನಮ್ಮ ಮನೆಯದು 850 ಅಡಿ, ಬೇಸಗೆಯಲ್ಲಿ ಅರ್ಧ ಗಂಟೆ ಹರಿದು ನಿಲ್ಲುತ್ತದೆ. ಮುಂದಿನ ಕೂಟಕ್ಕೆ ಬರುವಾಗ ಸದಸ್ಯರೆಲ್ಲರೂ ತಮ್ಮ ತಮ್ಮ ಬಾವಿಯ ಲೆಕ್ಕವನ್ನು ಬರೆದು ತರಬೇಕೆಂದೂ, ನಮ್ಮ ಮಿತ್ರರು ಎಲ್ಲರಿಗಿಂತ ಮೊದಲು ತಮ್ಮದನ್ನು ಓದಬೇಕೆಂದೂ ಪ್ರಾರ್ಥಿಸುತ್ತೇನೆ. ಇತ್ಯಲಂ.