ಸೂಜಿ ತಪ್ಪಿದರೆ ಹೊಣೆ ಯಾರದು?

ಲಸಿಕೆಯ ಉಪಕಾರವನ್ನು ಧಾರವಾಡ ಸೀಮೆಯವರಿಗೆ ಬೇರೆಯಾಗಿ ಹೇಳಬೇಕಾದುದಿಲ್ಲ. 1898ರಲ್ಲಿ ಹುಬ್ಬಳ್ಳಿಯು ಪ್ಲೇಗಿಗೆ ತುತ್ತಾದಾಗ ಸಾವಿರಾರು ಜನರು ಹಾಫ್ಕಿನ್ ಪಂಡಿತರ ಲಸಿಕೆಗೆ ತೋಳೊಡ್ಡಿದರು. ಅದೇ ಲಸಿಕೆಯನ್ನು ಹಾಕಿಸಿಕೊಂಡ 19 ಜನರು 1902ರಲ್ಲಿ ಪಂಜಾಬದ ಮುಲ್ಕೊವಾಲ ಗ್ರಾಮದಲ್ಲಿ ಧನುರ್ವಾಯುವಿನಿಂದ ಮಡಿದರು. ಅಪವಾದವೆಲ್ಲ ಹಾಫ್ಕಿನ್ನರ ತಲೆಗೆ ಬಂದಿತು. ದೋಷವು ಅವರ ಪ್ರಯೋಗಶಾಲೆಯದಲ್ಲ, ಊರಲ್ಲಿ ಸೀಸೆ ತೆರೆದ ಕೈಯದೆಂದು ಸರ್ವರೂ ಒಪ್ಪಲು 1907ರ ವರೆಗೆ ಕಾಯಬೇಕಾಯಿತು.

ಔಷಧದೋಷ ಬೇರೆ, ಕೈದೋಷ ಬೇರೆ. ಭುಜದ ಹಾನಿಯು ಈ ಎರಡನೆಯ ಬಗೆಯದು. ತೋಳಿನ ಸ್ನಾಯುವಿನ ನಡುವೆ ಚುಚ್ಚಬೇಕಾದ ಸೂಜಿಯನ್ನು ತೀರ ಮೇಲಕ್ಕೆ ಚುಚ್ಚಿದರೆ ಮದ್ದು ಕೀಲಿನ ಬಳಿಯ ಚೀಲಕ್ಕಿಳಿದು ಬಾವು ಹುಟ್ಟುತ್ತದೆ. ಎರಡು ದಿನಗಳೊಳಗೆ ನೋವು ಹತ್ತಿ, ತಿಂಗಳುಗಟ್ಟಲೆ ತೋಳು ಮೇಲೇಳದಂತಾಗುವುದುಂಟು. ಇದು ವಿರಳವೇ ಸರಿ. ಕಚೇರಿಯ ಕಾರಕೂನನು ಹೇಗೋ ಸುಧಾರಿಸಿಕೊಂಡಾನು. ರೋಣ ತಾಲೂಕಿನ ಜಕ್ಕಲಿಯಲ್ಲಿ ಕುಂಟೆ ಹೊಡೆಯುವ ರೈತನಿಗಾದರೆ ಒಂದು ಹಂಗಾಮವೇ ಕೈಬಿಟ್ಟಂತೆ.

ಅಮೇರಿಕೆಯಲ್ಲಿ 1986ರ ಕಾಯಿದೆಯ ಮೇರೆಗೆ ಲಸಿಕೆಗಳ ಮೇಲೆ ಸುಂಕವೆತ್ತಿ ಪರಿಹಾರ ನಿಧಿಯನ್ನು ಕಟ್ಟಲಾಗಿದೆ. 2017ರಲ್ಲಿ ಭುಜದ ಹಾನಿಯೂ ಅದರ ಪಟ್ಟಿಗೆ ಸೇರಿತು. 48 ತಾಸುಗಳೊಳಗೆ ನೋವು ತೊಡಗಿದುದನ್ನು ತೋರಿಸಿದವನು ಯಾರ ತಪ್ಪನ್ನೂ ಸಿದ್ಧಪಡಿಸಬೇಕಾಗಿಲ್ಲ.

ನಮ್ಮಲ್ಲಿಯ ದಾರಿ ಎಂಥದು? ಹಣ ತೆತ್ತು ಖಾಸಗಿ ದವಾಖಾನೆಯಲ್ಲಿ ಚುಚ್ಚಿಸಿಕೊಂಡವನು ಎರಡು ವರ್ಷಗಳೊಳಗೆ ಗದಗಿನ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಧರ್ಮಾರ್ಥವಾಗಿ ನಡೆಯುವ ಸರಕಾರಿ ದವಾಖಾನೆಯ ಸೇವೆಯು ಆ ಕಾಯಿದೆಗೆ ಒಳಪಡದೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ಹೇಳಿದೆ. ಅಂದಮೇಲೆ ಬಡವನಿಗೆ ಉಳಿದದ್ದು ದಿವಾಣಿ ದಾವೆ: ಸರಕಾರಕ್ಕೆ ಎರಡು ತಿಂಗಳ ನೋಟೀಸು, ಕೋರ್ಟು ಫೀ, ವಕೀಲರು, ಮೇಲೆ ನಿಷ್ಕಾಳಜಿಯ ರುಜುವಾತು. ಕೋವಿಡ್ ಲಸಿಕೆಯ ಮರಣಗಳ ಕುರಿತು 2022ರಲ್ಲಿ ಕೇಂದ್ರ ಸರಕಾರವು ಸುಪ್ರೀಂ ಕೋರ್ಟಿಗೆ ಕೊಟ್ಟ ಉತ್ತರವೂ ಇಷ್ಟೇ: ಹೊಣೆ ತನ್ನದಲ್ಲ, ನೊಂದವರು ನ್ಯಾಯಾಲಯಕ್ಕೆ ಹೋಗಲಿ. ಮನೆಮನೆಗೆ ಹೋಗಿ ತೋಳು ನೀಡಿರೆಂದು ಕರೆದ ಸರಕಾರದ ಬಾಯಿಗೆ ಈ ಮಾತು ಒಪ್ಪುವುದಿಲ್ಲ. ಲೋಕಹಿತಕ್ಕಾಗಿ ತೋಳು ಕೊಟ್ಟವನ ನಷ್ಟವನ್ನು ಲೋಕವೇ ಹೊರುವುದು ನ್ಯಾಯ.

ಕಾಯಿದೆಯಾಗುವ ವರೆಗೆ ಆರೋಗ್ಯ ಖಾತೆಯು ಮಾಡಬಹುದಾದ ಒಂದು ಕೆಲಸವುಂಟು. ಯಾವ ತೋಳಿಗೆ, ಯಾವ ಸೀಸೆಯಿಂದ, ಯಾರು ಚುಚ್ಚಿದರೆಂಬುದನ್ನು ಚೀಟಿಯಲ್ಲಿ ಬರೆದುಕೊಡಲಿ. ಚುಚ್ಚುವಲ್ಲಿಯ ತಪ್ಪಿಗೆ ಸರಕಾರದ ದುಷ್ಪರಿಣಾಮ ವರದಿಯಲ್ಲಿಯೇ ಪ್ರತ್ಯೇಕ ವರ್ಗವಿದೆ; ನೋವೆಂದು ಬಂದವನನ್ನು ಗುಳಿಗೆ ಕೊಟ್ಟು ಕಳಿಸದೆ ಅಲ್ಲಿ ದಾಖಲಿಸಲಿ. ನೊಂದವನೂ ಎರಡು ದಿನಗಳೊಳಗೆ ವೈದ್ಯರಿಂದ ಬರೆಯಿಸಿಕೊಂಡಿರಲಿ. ಆ ಕಾಗದವಿಲ್ಲದೆ ಹೋದರೆ ರೋಣದ ಕೋರ್ಟಿನಲ್ಲಿ ಅವನ ಪರವಾಗಿ ನುಡಿಯಲು ಏಳದ ತೋಳೊಂದೇ ಉಳಿಯುತ್ತದೆ.