ಸೈಕಲ್ಲಿನ ಸೀಟೂ ಸುತ್ತಿಗೆಯ ನ್ಯಾಯವೂ

ಸೈಕಲ್ಲಿನ ಸೀಟು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಹಳ್ಳಿಗಳಿಂದ ಬರುವ ನಮ್ಮಂಥವರಿಗೆ ಬಸ್ಸು ತಪ್ಪಿದ ದಿನ ಸೈಕಲ್ಲೇ ಗತಿ. ಅದು ಮೂಲೆ ಸೇರಿದರೆ ಹಾಜರಾತಿಯೂ ಮೂಲೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆ 2006-07ರಲ್ಲಿ ಆರಂಭವಾಯಿತು. ನಾನೂ ಅದರಿಂದಲೇ ಸೈಕಲ್ಲು ಕಂಡವನು. ಆದರೆ ಹದಿಮೂರರ ಹುಡುಗನಿಗೆ ಹೊಂದಿದ್ದ ಸೀಟು ಇಪ್ಪತ್ತರ ಕಾಲಿಗೆ ಹೊಂದೀತೆ? ಮೇಲೆತ್ತೋಣವೆಂದರೆ ಸೀಟನ್ನು ಹೊರುವ ಕಂಬ, ಅಂಗಡಿಯವರ ಮಾತಿನಲ್ಲಿ ಸೀಟ್ ಪಿಲ್ಲರು, ಗಿಡ್ಡ. ಉದ್ದನೆಯದನ್ನು ತಂದರೆ ಫ್ರೇಮಿನೊಳಗೆ ಇಳಿಯದು.

ಇದಕ್ಕೆ ನಮ್ಮ ರಸ್ತೆಬದಿಯ ವೈದ್ಯರಲ್ಲಿರುವ ಮದ್ದು ಒಂದೇ. ಕಂಬ ದಪ್ಪವಾದರೆ ಸುತ್ತಿಗೆಯಿಂದ ಬಡಿಯುವುದು, ಸಣ್ಣದಾದರೆ ತಗಡು ಸುತ್ತಿ ಬೋಲ್ಟು ಬಿಗಿಯುವುದು. "ಕೂತ್ಕೊಳ್ಳುತ್ತೆ ಬಿಡಪ್ಪ" ಎನ್ನುತ್ತ ಒಬ್ಬರು ನನ್ನ ಕಂಬದ ಮೇಲೂ ಸುತ್ತಿಗೆ ಎತ್ತಿದರು. "ಹೊಡೀಬೇಡಿ ಅಣ್ಣ, ಅಳತೆ ನೋಡೋಣ" ಎಂದದ್ದಕ್ಕೆ ಅವರಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಸುತ್ತಿಗೆಯ ನ್ಯಾಯವನ್ನು ನಾನು ಒಪ್ಪುವುದಿಲ್ಲ.

ಹೊರಗಿನಿಂದ ಫ್ರೇಮುಗಳೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತವೆ. ಅನೇಕ ಉಕ್ಕಿನ ಫ್ರೇಮುಗಳಲ್ಲಿ ಸೀಟಿನ ಕೊಳವೆಯ ಹೊರ ವ್ಯಾಸ 28.6 ಮಿಲಿಮೀಟರು. ವ್ಯತ್ಯಾಸವಿರುವುದು ಒಳಗೆ. ಕೊಳವೆಯ ಗೋಡೆ 1.6 ಮಿಲಿಮೀಟರು ದಪ್ಪವಿದ್ದರೆ ಒಳಗೆ ಉಳಿಯುವುದು 25.4, ಗೋಡೆ 0.7 ಇದ್ದರೆ 27.2. ಇವೆರಡರ ನಡುವೆ 0.2ರ ಅಂತರದಲ್ಲಿ ಬಗೆಬಗೆಯ ಕಂಬಗಳಿವೆ. ಎಷ್ಟೋ ಕಂಬಗಳ ಮೇಲೆಯೇ ಸಂಖ್ಯೆಯನ್ನು ಕೆತ್ತಿರುತ್ತಾರೆ. 25.4 ಎಂದರೆ ಸರಿಯಾಗಿ ಒಂದು ಇಂಚು. ದೇಶ 1956ರಲ್ಲೇ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದರೂ ಸೈಕಲ್ ಅಂಗಡಿಯಲ್ಲಿ ಇಂಚಿನ ರಾಜ್ಯಭಾರ ಮುಗಿದಿಲ್ಲ!

ಪದವಿಪೂರ್ವ ಕಾಲೇಜಿನ ಭೌತಶಾಸ್ತ್ರದ ಪ್ರಯೋಗಶಾಲೆಯಿಂದ ವರ್ನಿಯರ್ ಕ್ಯಾಲಿಪರ್ಸ್ ಕೇಳಿ ತಂದು ಅಳೆದೆ. ಹಳೆಯ ಕಂಬ 25.4, ಹೊಸದು 27.2. ಇದಕ್ಕೆ ಯಾವ ಸುತ್ತಿಗೆ ಏನು ಮಾಡೀತು? ಅಂಗಡಿಯಾತ ಗೊಣಗುತ್ತಲೇ ಬದಲಾಯಿಸಿಕೊಟ್ಟ.

ಅಳತೆ ಸರಿಯಿದ್ದೂ ಇಳಿಯದಿದ್ದರೆ ಫ್ರೇಮಿನ ಬಾಯಿಯ ಹಿಂದಿರುವ ಸೀಳನ್ನು ನೋಡಬೇಕು. ಅದರ ಎರಡು ಅಂಚುಗಳೂ ಸಮಾನಾಂತರವಾಗಿರಬೇಕು. ಮೇಲ್ತುದಿ ಕಿರಿದಾಗಿದ್ದರೆ, ಹಿಂದೆ ಯಾರೋ ಸಣ್ಣ ಕಂಬ ಹಾಕಿ ಬೋಲ್ಟನ್ನು ಮಿತಿಮೀರಿ ಬಿಗಿದು ಬಾಯಿ ಹಿಸುಕಿದ್ದಾರೆಂದೇ ಅರ್ಥ. ಬೋಲ್ಟು ತೆಗೆದು ಸೀಳನ್ನು ಮೆಲ್ಲಗೆ ಅಗಲಿಸಬೇಕು. ಒಳಗಿನ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಬೇಕು. ಮುಳ್ಳೆದ್ದಿದ್ದರೆ ದುಂಡನೆಯ ಅರದಿಂದ ಸವರಬೇಕು. ಗ್ರೀಸು ಹಚ್ಚಿ ಕೈಯಿಂದಲೇ ತಿರುಗಿಸುತ್ತ ಇಳಿಸಬೇಕು. ಕಂಬದ ಮೇಲಿರುವ ಕನಿಷ್ಠ ಆಳದ ಗೆರೆ ಫ್ರೇಮಿನೊಳಗೆ ಮುಳುಗಿರಲೇಬೇಕು. ಇಲ್ಲದಿದ್ದರೆ ಸವಾರನ ಭಾರಕ್ಕೆ ಕೊಳವೆಯೇ ಬಿರಿಯಬಹುದು.

"ಬಡವರ ಸೈಕಲ್ಲಿಗೆ ಇಷ್ಟು ನಾಜೂಕೇಕೆ?" ಎಂದು ಗೆಳೆಯರು ನಗುತ್ತಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಫ್ರೇಮು ಸೀಳಿದರೆ ಉಳ್ಳವನು ಬೇರೆ ಸೈಕಲ್ಲು ಕೊಳ್ಳುತ್ತಾನೆ, ಇಲ್ಲದವನು ನಡೆಯುತ್ತಾನೆ. ನನ್ನ ತಂದೆಯವರು ಗಾರೆ ಕೆಲಸದವರು, ಶಾಲೆಯ ಮುಖ ಕಂಡವರಲ್ಲ. ನೂಲು ಹಿಡಿದು, ರಸಮಟ್ಟವಿಟ್ಟು ನೋಡದೆ ಅವರು ಒಂದು ಇಟ್ಟಿಗೆಯನ್ನೂ ಕೂರಿಸುವುದಿಲ್ಲ. ಮನೆಗೆ ಮೊದಲ ಪದವೀಧರನಾಗಲಿರುವ ಮಗ ತಗಡು ಸುತ್ತಿ ತೃಪ್ತನಾದರೆ ಅವರಿಗೆ ಹೇಗೆ ಮುಖ ತೋರಿಸಲಿ? ಬಿ.ಎ. ಓದಿದವನ ಕೈಗೆ ಗ್ರೀಸು ತಾಗಬಾರದೆಂಬ ಶಾಸ್ತ್ರ ಯಾವ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿಯೂ ಇಲ್ಲ.

ಆದುದರಿಂದ ಪ್ರಾಂಶುಪಾಲರಲ್ಲಿ ಒಂದು ವಿನಂತಿ. ನಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಒಂದು ವರ್ನಿಯರ್, ನಾಲ್ಕು ಸ್ಪ್ಯಾನರು, ಒಂದು ಅರ, ಒಂದು ಡಬ್ಬಿ ಗ್ರೀಸು ಇರಲಿ. ವಾರ್ಷಿಕೋತ್ಸವದ ಹೂವಿನ ಹಾರಗಳಲ್ಲಿ ಕೆಲವನ್ನು ಕಡಿಮೆ ಮಾಡಿದರೂ ಇಷ್ಟು ಹಣ ಹುಟ್ಟೀತು. ಸಾಮಾನು ಕಳೆದುಹೋದರೆ ಹೊಣೆ ಯಾರೆಂಬ ಪ್ರಶ್ನೆ ಏಳುತ್ತದೆ, ಬಲ್ಲೆ. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮಾಡುವಂತೆ ಗುರುತಿನ ಚೀಟಿ ಇರಿಸಿಕೊಂಡು ಕೊಟ್ಟರಾಯಿತು. ಆ ವಹಿಯನ್ನು ಬರೆಯುವ ಕೆಲಸಕ್ಕೆ ಈ ವರ್ಷ ಮುಗಿಯುವವರೆಗೆ ನಾನೇ ಸಿದ್ಧನಿದ್ದೇನೆ.